ಹಿಂಗಾರಿ ಜೋಳದಲ್ಲಿ ತೆನೆ ಬಲಿಯುವವರೆಗೆ ಎಲೆಯ ಹಸಿರನ್ನು ಉಳಿಸಿಕೊಳ್ಳುವ ಕ್ರಮ

ವಿಜಯಪುರ, ಬಾಗಲಕೋಟೆ, ಕಲಬುರಗಿ, ಗದಗ ಜಿಲ್ಲೆಗಳ ಎರಿ ಭೂಮಿಯಲ್ಲಿ, ಅಂದರೆ ಕಪ್ಪು ಜೇಡಿಮಣ್ಣಿನ ಹೊಲಗಳಲ್ಲಿ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಅಂದರೆ ಉತ್ತರಿ ಮತ್ತು ಹಸ್ತ ಮಳೆಗಳ ಹದದಲ್ಲಿ ಹಿಂಗಾರಿ ಜೋಳವನ್ನು ಬಿತ್ತಲಾಗುತ್ತದೆ. ಬಿತ್ತಿದ ಮೇಲೆ ಒಂದೆರಡು ಮಳೆ ಸಿಕ್ಕರೆ ಅದೇ ಹೆಚ್ಚು. ಜನವರಿ ಕೊನೆಗೆ ಅಥವಾ ಫೆಬ್ರವರಿಯಲ್ಲಿ ಕಟಾವಾಗುವ ತನಕ ಉಳಿದ ಅವಧಿಯನ್ನು ಬೆಳೆ ಮಣ್ಣಿನಲ್ಲಿ ಇಂಗಿರುವ ಹಸಿಯ ಮೇಲೆಯೇ ಕಳೆಯಬೇಕಾಗುತ್ತದೆ. ಹೀಗಾಗಿ ಈ ಬೆಳೆಗೆ ಬರವೆಂಬುದು ಯಾವುದೋ ಒಂದು ವರ್ಷ ಬರುವ ಆಪತ್ತಾಗಿರದೆ ಪ್ರತಿ ವರ್ಷವೂ ತೆನೆ ಹೊರಬೀಳುವ ಹೊತ್ತಿಗೆ ತಪ್ಪದೆ ಬರುವ ಸ್ಥಿತಿಯಾಗಿದೆ. ಈ ಸ್ಥಿತಿಯನ್ನು ಗಿಡ ಹೇಗೆ ಎದುರಿಸುತ್ತದೆ, ಎಲೆಯಲ್ಲಿ ಆಹಾರ ತಯಾರಿಕೆಯನ್ನು ಎಷ್ಟರ ಮಟ್ಟಿಗೆ ಮುಂದುವರಿಸುತ್ತದೆ, ಅದಕ್ಕೆ ರೈತನು ಯಾವ ಹಂತದಲ್ಲಿ ಏನು ಮಾಡಿದರೆ ನೆರವಾಗುತ್ತದೆ ಎಂಬುದನ್ನು ಇಲ್ಲಿ ಬಿತ್ತನೆಗೆ ಮುಂಚಿನ ಸಿದ್ಧತೆಯಿಂದ ಮೊದಲ್ಗೊಂಡು ಬೀಜ ಆಯುವ ತನಕ ವಿವರಿಸಲಾಗಿದೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಒಟ್ಟು ನೀರು ಎಷ್ಟಿತ್ತು ಎಂಬುದಷ್ಟೇ ಹಿಂಗಾರಿ ಜೋಳದ ಇಳುವರಿಯನ್ನು ನಿರ್ಧರಿಸುವುದಿಲ್ಲ. ಹೂ ಬಿಟ್ಟ ಮೇಲೆ ಎಷ್ಟು ನೀರು ಉಳಿದಿತ್ತು ಎಂಬುದು ಅದಕ್ಕಿಂತ ಹೆಚ್ಚಿನ ಪಾತ್ರ ವಹಿಸುತ್ತದೆ. ಹಗೇವಿನ ಕಾಳನ್ನು ಸುಗ್ಗಿಯಾದ ಮೂರೇ ತಿಂಗಳಲ್ಲಿ ಉಂಡು ಮುಗಿಸಿದ ಮನೆಯ ಗತಿಯೇ ನವೆಂಬರ್‌ನಲ್ಲಿ ಸೊಕ್ಕಿ ಬೆಳೆದ ಹೊಲಕ್ಕೂ ಆಗುತ್ತದೆ. ದಾರಿಯಲ್ಲಿ ಹೋಗುವವರು ಆ ಹೊಲವನ್ನು ಹೊಗಳಬಹುದು, ಆದರೆ ಕಾಳು ತುಂಬುವ ನಲವತ್ತು ದಿನಗಳಿಗೆ ಅಲ್ಲಿ ನೀರು ಇರುವುದಿಲ್ಲ. ಮುಂದೆ ಹೇಳುವ ಪ್ರತಿಯೊಂದು ಕ್ರಮವನ್ನೂ ಈ ದೃಷ್ಟಿಯಿಂದಲೇ ತೂಗಿ ನೋಡಬೇಕು.

ಗಿಡ ತಾನಾಗಿಯೇ ಏನು ಮಾಡುತ್ತದೆ

ಎಲೆಯ ಮೇಲಿನ ಸೂಕ್ಷ್ಮ ಪತ್ರರಂಧ್ರಗಳ ಮೂಲಕ ಇಂಗಾಲದ ಡೈಆಕ್ಸೈಡ್ ಒಳಗೆ ಬರುತ್ತದೆ. ಅದೇ ದಾರಿಯಲ್ಲಿ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ರಂಧ್ರ ತೆರೆದರೆ ಆಹಾರ ತಯಾರಾಗುತ್ತದೆ ಆದರೆ ನೀರು ಖರ್ಚಾಗುತ್ತದೆ, ಮುಚ್ಚಿದರೆ ನೀರು ಉಳಿಯುತ್ತದೆ ಆದರೆ ಆಹಾರ ತಯಾರಿಕೆ ನಿಲ್ಲುತ್ತದೆ. ಬರ ತಾಳುವ ಎಲ್ಲ ಧಾನ್ಯಗಳ ಬದುಕೂ ಈ ಇಕ್ಕಟ್ಟಿನ ಸುತ್ತಲೇ ನಡೆಯುತ್ತದೆ. ಬೇರಿನ ಸುತ್ತಲಿನ ಮಣ್ಣು ಒಣಗತೊಡಗಿದಾಗ ಗಿಡದೊಳಗೆ ಅಬ್ಸಿಸಿಕ್ ಆಮ್ಲವೆಂಬ ಚೋದಕದ ಪ್ರಮಾಣ ಏರುತ್ತದೆ; ಅದು ರಂಧ್ರದ ಎರಡು ಬದಿಯ ಕಾವಲು ಕೋಶಗಳಿಂದ ಪೊಟ್ಯಾಶಿಯಂ ಹೊರಹೋಗುವಂತೆ ಮಾಡಿ ರಂಧ್ರವನ್ನು ಕಿರಿದಾಗಿಸುತ್ತದೆ. ಬಿಸಿಲು ಏರಿ ಗಾಳಿ ಒಣಗಿರುವ ಮಧ್ಯಾಹ್ನದಲ್ಲಿ ಈ ಕಿರಿದಾಗುವಿಕೆ ಹೆಚ್ಚು, ಬೆಳಗಿನ ತಂಪಿನಲ್ಲಿ ಕಡಿಮೆ. ಆದ್ದರಿಂದ ಬರದ ಹೊಲದಲ್ಲಿ ದಿನದ ಬಹುಪಾಲು ಆಹಾರ ತಯಾರಿಕೆ ಬೆಳಗಿನ ಹೊತ್ತಿನಲ್ಲಿಯೇ ನಡೆದುಹೋಗುತ್ತದೆ.

ಭತ್ತ ಅಥವಾ ಗೋಧಿಗಿಂತ ಜೋಳಕ್ಕೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಜೋಳ, ಮೆಕ್ಕೆಜೋಳ, ಸಜ್ಜೆ, ರಾಗಿ ಇವೆಲ್ಲ ಸಿ-4 ಎಂದು ಕರೆಯಲಾಗುವ ವಿಧಾನದಲ್ಲಿ ದ್ಯುತಿಸಂಶ್ಲೇಷಣೆ ನಡೆಸುತ್ತವೆ. ಆಸ್ಟ್ರೇಲಿಯಾದಲ್ಲಿ ಕಬ್ಬಿನ ಎಲೆಯನ್ನು ಅಧ್ಯಯನ ಮಾಡಿದ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು 1966ರಲ್ಲಿ ಈ ವಿಧಾನವನ್ನು ವಿವರಿಸಿದರು. ಈ ಗಿಡಗಳಲ್ಲಿ ಒಳಬಂದ ಇಂಗಾಲದ ಡೈಆಕ್ಸೈಡನ್ನು ಎಲೆಯ ತಿರುಳಿನ ಕೋಶಗಳು ಮೊದಲು ನಾಲ್ಕು ಇಂಗಾಲದ ಆಮ್ಲವಾಗಿ ಹಿಡಿದು, ನರಗಳ ಸುತ್ತ ಉಂಗುರದಂತೆ ಜೋಡಿಸಿಕೊಂಡಿರುವ ಕೋಶಗಳಿಗೆ ಸಾಗಿಸುತ್ತವೆ. ಅಲ್ಲಿ ಅದು ಮತ್ತೆ ಬಿಡುಗಡೆಯಾಗಿ ದಟ್ಟವಾಗಿ ಸೇರುವುದರಿಂದ ಸಕ್ಕರೆ ತಯಾರಿಸುವ ಕಿಣ್ವವು ಆಮ್ಲಜನಕದ ಅಡ್ಡಿಯಿಲ್ಲದೆ ಕೆಲಸ ಮಾಡುತ್ತದೆ. ಇದರ ಫಲವಾಗಿ ಪತ್ರರಂಧ್ರ ಅರ್ಧ ಮುಚ್ಚಿದ್ದರೂ ಜೋಳದ ಎಲೆಯ ಕೆಲಸ ತೀರ ನಿಲ್ಲುವುದಿಲ್ಲ. ಒಂದು ಕಿಲೋ ಒಣ ಪದಾರ್ಥ ತಯಾರಿಸಲು ಜೋಳಕ್ಕೆ ಸುಮಾರು 300 ಲೀಟರ್ ನೀರು ಬೇಕಾದರೆ ಗೋಧಿಗೆ ಸುಮಾರು 500, ಭತ್ತಕ್ಕೆ ಅದಕ್ಕೂ ಹೆಚ್ಚು ಬೇಕಾಗುತ್ತದೆ.

ಈ ಲೆಕ್ಕವನ್ನು ಹೊಲಕ್ಕೆ ಅನ್ವಯಿಸಿ ನೋಡುವುದು ಒಳ್ಳೆಯದು. ಎಕರೆಗೆ ಕಾಳು ಮತ್ತು ಕಣಕಿ (ಒಣಗಿದ ದಂಟು, ಎಲೆ) ಸೇರಿ ಎರಡು ಟನ್ ಒಣ ಪದಾರ್ಥ ಬರಬೇಕೆಂದರೆ ಗಿಡಗಳ ಮೂಲಕವೇ ಸುಮಾರು ಆರು ಲಕ್ಷ ಲೀಟರ್ ನೀರು ಹೋಗಬೇಕು. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರ್. ಆದ್ದರಿಂದ ಆರು ಲಕ್ಷ ಲೀಟರ್ ಎಂದರೆ ಹತ್ತಿರ ಹತ್ತಿರ 150 ಮಿಲಿಮೀಟರ್. ಒಂದು ಮೀಟರ್ ಆಳದ ಒಳ್ಳೆಯ ಎರಿ ಭೂಮಿ ತುಂಬ ನೆನೆದಾಗ ಬೆಳೆಗೆ ಸಿಗುವಂತೆ ಹಿಡಿದಿಟ್ಟುಕೊಳ್ಳುವ ನೀರೂ ಸರಿಸುಮಾರು 150ರಿಂದ 200 ಮಿಲಿಮೀಟರ್‌ನಷ್ಟೇ. ಕಳೆಗೆ, ಬಿರುಕಿಗೆ, ಬಿಸಿಲಿಗೆ ಕೊಡಲು ಇಲ್ಲಿ ಹೆಚ್ಚುವರಿ ನೀರು ಇಲ್ಲವೆಂಬುದು ಇದರಿಂದ ತಿಳಿಯುತ್ತದೆ. ಜೋಳ ಇಬ್ಬನಿಯ ಮೇಲೆಯೇ ಬೆಳೆಯುತ್ತದೆಂಬ ಮಾತು ನಮ್ಮ ಕಡೆ ರೂಢಿಯಲ್ಲಿದೆ. ಇಬ್ಬನಿ ಬಿದ್ದ ಬೆಳಗಿನಲ್ಲಿ ಎಲೆ ಸ್ವಲ್ಪ ಹೊತ್ತು ತಂಪಾಗಿದ್ದು ನೀರಿನ ಖರ್ಚು ತಡವಾಗಿ ಆರಂಭವಾಗುವುದು ನಿಜವಾದರೂ ಮೇಲಿನ ಲೆಕ್ಕದ ಮುಂದೆ ಇಬ್ಬನಿಯ ಪಾಲು ತೀರ ಚಿಕ್ಕದು.

ರಂಧ್ರ ಮುಚ್ಚುವುದಲ್ಲದೆ ಜೋಳದ ಗಿಡಕ್ಕೆ ಬೇರೆ ಉಪಾಯಗಳೂ ಇವೆ. ಎಲೆಯ ಹಾಗೂ ದಂಟನ್ನು ಸುತ್ತಿಕೊಂಡಿರುವ ಎಲೆತೊಟ್ಟಿನ ಮೇಲೆ ಬೆರಳಾಡಿಸಿದರೆ ಅಂಟಿಕೊಳ್ಳುವ ಬಿಳಿ ಪುಡಿಯು ಮೇಣದ ಲೇಪ. ಅದು ಬಿಸಿಲನ್ನು ಹಿಂದಕ್ಕೆ ಎಸೆದು ಎಲೆಯ ಚರ್ಮದ ಮೂಲಕ ನೀರು ಸೋರದಂತೆ ತಡೆಯುತ್ತದೆ. ಎಲೆಯ ಮೇಲ್ಭಾಗದಲ್ಲಿರುವ ದೊಡ್ಡ ನೀರುಗೋಶಗಳು ಬಸಿದಾಗ ಎಲೆ ಸುರುಳಿ ಸುತ್ತಿಕೊಂಡು ಬಿಸಿಲಿಗೆ ಒಡ್ಡಿದ ಮೈಯನ್ನು ಕಡಿಮೆ ಮಾಡಿಕೊಳ್ಳುತ್ತದೆ. ಕೋಶಗಳೊಳಗೆ ಸಕ್ಕರೆ, ಪೊಟ್ಯಾಶಿಯಂ, ಪ್ರೋಲಿನ್ ಮುಂತಾದವನ್ನು ಕೂಡಿಟ್ಟುಕೊಂಡು ಒಣಗುತ್ತಿರುವ ಮಣ್ಣಿನಿಂದಲೂ ನೀರನ್ನು ಎಳೆದುಕೊಳ್ಳುವ ಶಕ್ತಿ ಗಿಡಕ್ಕಿದೆ. ತಡೆಯಿಲ್ಲದ ಮಣ್ಣಿನಲ್ಲಿ ಅದರ ಬೇರು ಒಂದೂವರೆ ಮೀಟರ್‌ಗೂ ಆಳಕ್ಕೆ ಇಳಿಯುತ್ತದೆ. ಇಷ್ಟಾಗಿಯೂ ನೀರು ಸಾಲದಾದಾಗ, ಬಳಸಿಕೊಳ್ಳಲಾಗದ ಬಿಸಿಲೇ ಎಲೆಗೆ ಅಪಾಯವಾಗುತ್ತದೆ. ಇಂಗಾಲ ಒಳಬರದೆ ಪತ್ರಹರಿತ್ತು ಮಾತ್ರ ಬೆಳಕನ್ನು ಹೀರುತ್ತಲೇ ಇದ್ದರೆ ಆ ಶಕ್ತಿ ಎಲೆಯ ಒಳರಚನೆಯನ್ನೇ ಸುಡುತ್ತದೆ. ಹಳದಿ ಬಣ್ಣದ ಕೆಲವು ವರ್ಣಕಗಳು ಹೆಚ್ಚಿನ ಬೆಳಕನ್ನು ಶಾಖವನ್ನಾಗಿ ಹೊರಹಾಕಿ ಸ್ವಲ್ಪ ಕಾಲ ರಕ್ಷಣೆ ಕೊಡುತ್ತವೆ. ಅದೂ ಮೀರಿದರೆ ಕೆಳಗಿನ ಎಲೆಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟು ಗಿಡ ತನ್ನ ನೀರಿನ ಖರ್ಚನ್ನು ತಗ್ಗಿಸಿಕೊಳ್ಳುತ್ತದೆ.

ಜೂನ್‌ನಿಂದ ಬಿತ್ತನೆಯವರೆಗೆ

ಹಿಂಗಾರಿ ಜೋಳದ ಬರ ನಿರ್ವಹಣೆ ಮುಂಗಾರಿನಲ್ಲಿಯೇ ಆರಂಭವಾಗಬೇಕು. ವಿಜಯಪುರದ ಸುತ್ತಮುತ್ತ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್‌ನ ಆಸುಪಾಸಿನದು, ಅದರಲ್ಲೂ ಸೆಪ್ಟೆಂಬರ್ ತಿಂಗಳ ಪಾಲೇ ದೊಡ್ಡದು. ಎರಿ ಮಣ್ಣು ಒಮ್ಮೆ ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ನೀರು ಇಂಗುವ ವೇಗ ತೀರ ತಗ್ಗುತ್ತದೆ, ಆಗ ಬೀಳುವ ಜೋರು ಮಳೆಯ ಬಹುಪಾಲು ಹಳ್ಳ ಸೇರುತ್ತದೆ. ಇದನ್ನು ತಡೆಯಲು ಜೂನ್-ಜುಲೈನಲ್ಲಿ ಹೊಲವನ್ನು ಹರಗಿ ಚೌಕು ಮಡಿಗಳನ್ನು ಮಾಡಬೇಕು. ಇಳಿಜಾರನ್ನು ನೋಡಿಕೊಂಡು ಮೂರರಿಂದ ನಾಲ್ಕೂವರೆ ಮೀಟರ್ ಉದ್ದಗಲದ ಚೌಕಗಳು ಸಾಕು. ಇಳಿಜಾರು ಹೆಚ್ಚಿದ್ದಷ್ಟೂ ಚೌಕ ಚಿಕ್ಕದಾಗಿರಬೇಕು. ಗೇಣುದ್ದಕ್ಕಿಂತ ಕಡಿಮೆ ಎತ್ತರದ ಈ ಬದುಗಳನ್ನು ಎತ್ತು ಅಥವಾ ಟ್ರ್ಯಾಕ್ಟರ್ ಎಳೆಯುವ ಸಲಕರಣೆಯಿಂದ ಬೇಗನೆ ಹಾಕಬಹುದು, ಬಿತ್ತುವ ಮುಂಚೆ ಹರಗಿ ಸಮ ಮಾಡಬಹುದು. ಮೇಲಿನ ಲೆಕ್ಕವನ್ನು ಮತ್ತೆ ನೆನೆದರೆ, ಹರಿದುಹೋಗುತ್ತಿದ್ದ ಮಳೆಯಲ್ಲಿ ಹತ್ತೇ ಮಿಲಿಮೀಟರ್ ಹೊಲದಲ್ಲಿ ಇಂಗಿದರೂ ಅದು ಎಕರೆಗೆ ಐದು ಸಾವಿರ ಲೀಟರಿನ ಎಂಟು ಟ್ಯಾಂಕರ್‌ಗಳಿಗೆ ಸಮ. ಹಿಂಗಾರಿ ಜೋಳಕ್ಕೆ ಖರ್ಚು ಮಾಡುವ ಯಾವ ಹಣವೂ ಇದರಷ್ಟು ಫಲ ಕೊಡುವುದಿಲ್ಲವೆಂದು ನನ್ನ ಅಭಿಪ್ರಾಯ.

ಬಿತ್ತುವ ಮುನ್ನ ಹೊಲದ ಐದಾರು ಕಡೆ ಹಾರೆಯಿಂದ ಕುಣಿ ತೋಡಿ ಮಣ್ಣಿನ ಆಳವನ್ನೂ ಹಸಿ ಎಲ್ಲಿಯವರೆಗೆ ಇಳಿದಿದೆ ಎಂಬುದನ್ನೂ ನೋಡಬೇಕು. ಹಿಡಿಯಲ್ಲಿ ಮಣ್ಣನ್ನು ಒತ್ತಿದಾಗ ಉಂಡೆ ಕಟ್ಟಿ, ಹೆಬ್ಬೆರಳಿನಿಂದ ತಳ್ಳಿದರೆ ಪಟ್ಟಿಯಂತೆ ಚಾಚಿಕೊಂಡರೆ ಅಲ್ಲಿ ಬೆಳೆಗೆ ಸಿಗುವ ನೀರಿದೆ. ಉಂಡೆ ಕಟ್ಟಿದರೂ ಪುಡಿಯಾಗಿ ಒಡೆದರೆ ಹಸಿ ಕಡಿಮೆ. ಮೂರು ಅಡಿಯವರೆಗೆ ಹಸಿ ಇರುವ ಆಳವಾದ ಭೂಮಿಗೂ ಒಂದೂವರೆ ಅಡಿಗೇ ಗರಸು (ಕಲ್ಲುಮಿಶ್ರಿತ ಪದರ) ಸಿಗುವ ಭೂಮಿಗೂ ಒಂದೇ ತಳಿ, ಒಂದೇ ಅಂತರ, ಒಂದೇ ಗೊಬ್ಬರ ಹೊಂದುವುದಿಲ್ಲ. ಮಾಲದಂಡಿಯೆಂದು ಹೆಸರಾದ, ಮಹಾರಾಷ್ಟ್ರದ ಮೊಹೋಳದಲ್ಲಿ ಆಯ್ಕೆ ಮಾಡಿದ ಎಂ 35-1 ತಳಿಯು ಮಧ್ಯಮದಿಂದ ಆಳವಾದ ಭೂಮಿಗೆ ಇಂದಿಗೂ ನಂಬಿಕೆಯದು. ವಿಜಯಪುರದ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಬಿಜೆವಿ-44 ಅದಕ್ಕೆ ಪರ್ಯಾಯವಾಗಿ ಬಳಕೆಯಲ್ಲಿದೆ. ತೆಳು ಭೂಮಿಯಲ್ಲಿ ಬೇಗ ಬಲಿಯುವ ತಳಿಯನ್ನು ಆರಿಸಿ ಗಿಡಗಳ ಸಂಖ್ಯೆಯನ್ನೂ ತಗ್ಗಿಸಬೇಕು.

ಬಿತ್ತನೆ

ಬೀಜವನ್ನು ಶೇ. 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಅಂದರೆ ಲೀಟರ್ ನೀರಿಗೆ 20 ಗ್ರಾಂ ಕರಗಿಸಿದ್ದರಲ್ಲಿ, ಎಂಟು ತಾಸು ನೆನೆಸಿ ಮತ್ತೆ ಮೊದಲಿನ ತೂಕಕ್ಕೆ ಬರುವಂತೆ ನೆರಳಿನಲ್ಲಿ ಒಣಗಿಸಿ ಬಿತ್ತುವುದರಿಂದ ಮೊಳಕೆ ಬೇಗ ಮತ್ತು ಒಂದೇ ಸಮನಾಗಿ ಬರುತ್ತದೆ, ಮೇಲ್ಮಣ್ಣು ಆರುವುದರೊಳಗೆ ಬೇರು ಕೆಳಗಿನ ಹಸಿಯನ್ನು ಮುಟ್ಟುತ್ತದೆ. ಕಾಡಿಗೆ ರೋಗದ ತಡೆಗೆ ಬಿತ್ತುವ ಮೊದಲು ಗಂಧಕದ ಪುಡಿಯಿಂದ ಬೀಜೋಪಚಾರ ಮಾಡುವುದನ್ನು ಬಿಡಬಾರದು. ಕೂರಿಗೆಯಿಂದ ಸುಮಾರು ಐದು ಸೆಂಟಿಮೀಟರ್ ಆಳಕ್ಕೆ ಹಸಿಯಲ್ಲಿಯೇ ಬೀಜ ಬೀಳಬೇಕು.

ಸಾಲಿನಿಂದ ಸಾಲಿಗೆ 45 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 15 ಸೆಂಟಿಮೀಟರ್ ಅಂತರ ಇಟ್ಟರೆ ಎಕರೆಗೆ ಸುಮಾರು 60,000 ಗಿಡಗಳಾಗುತ್ತವೆ. ಹಸಿ ಚೆನ್ನಾಗಿರುವ ಆಳವಾದ ಭೂಮಿಗೆ ಈ ಸಂಖ್ಯೆ ಸರಿ. ಹಸಿ ಕಡಿಮೆ ಇಳಿದಿದ್ದರೆ ಸಾಲಿನ ಅಂತರವನ್ನು 60 ಸೆಂಟಿಮೀಟರ್‌ಗೆ ಹೆಚ್ಚಿಸಬೇಕು. ಸಾಲಿನ ಅಂತರ ಹೆಚ್ಚಿದಾಗ ಎರಡು ಸಾಲುಗಳ ನಡುವಣ ಹಸಿಯನ್ನು ತಲುಪಲು ಬೇರಿಗೆ ಹೆಚ್ಚು ಕಾಲ ಬೇಕಾಗುತ್ತದೆ, ಆ ಹಸಿ ತಾನಾಗಿಯೇ ಹೂ ಬಿಡುವ ಹೊತ್ತಿಗೆ ಉಳಿಯುತ್ತದೆ. ಮೊಳೆತ ಮೂರನೆಯ ವಾರದೊಳಗೆ ಹೆಚ್ಚಿನ ಗಿಡಗಳನ್ನು ಕಿತ್ತು ಅಂತರ ಸರಿಪಡಿಸುವುದು ಬೇಸರದ ಕೆಲಸವಾದರೂ ಅದನ್ನು ಮುಂದೂಡಿದಷ್ಟೂ ಕೀಳಬೇಕಾದ ಗಿಡಗಳು ಉಳಿಯಬೇಕಾದ ಗಿಡಗಳ ನೀರನ್ನು ಕುಡಿಯುತ್ತಲೇ ಇರುತ್ತವೆ. ಸುಳಿ ನೊಣದ ಕಾಟವಿರುವಲ್ಲಿ ಸುಳಿ ಒಣಗಿದ ಗಿಡಗಳನ್ನು ಈ ಹೊತ್ತಿನಲ್ಲಿಯೇ ತೆಗೆದುಬಿಡಬಹುದು.

ಗೊಬ್ಬರದ ವಿಷಯದಲ್ಲಿ ಎರಡೂ ಕಡೆಯ ಅಪಾಯವಿದೆ. ಎಲೆಯಲ್ಲಿರುವ ಸಾರಜನಕದ ದೊಡ್ಡ ಭಾಗ ದ್ಯುತಿಸಂಶ್ಲೇಷಣೆಯ ಕಿಣ್ವಗಳಲ್ಲಿಯೇ ಇರುತ್ತದೆ. ಸಾರಜನಕ ಸಾಲದಾದರೆ ತೆನೆಗೆ ಬೇಕಾದುದನ್ನು ಗಿಡ ಎಲೆಗಳನ್ನು ಕಳಚಿ ಕೊಡುತ್ತದೆ, ಎಲೆ ಬೇಗ ಹಳದಿಯಾಗುತ್ತದೆ. ಹೆಚ್ಚಾದರೆ ನವೆಂಬರ್‌ನಲ್ಲಿ ಎಲೆ ಅಗಲವಾಗಿ ಬೆಳೆದು ನೀರು ಬೇಗ ಮುಗಿಯುತ್ತದೆ. ಮಣ್ಣು ಪರೀಕ್ಷೆಯ ಆಧಾರದ ಮೇಲೆ ಶಿಫಾರಸಿನಷ್ಟು ಸಾರಜನಕ ಮತ್ತು ರಂಜಕವನ್ನು ಬಿತ್ತುವಾಗಲೇ ಬೀಜಕ್ಕಿಂತ ಕೆಳಗೆ, ಹಸಿಯಿರುವ ಪದರದಲ್ಲಿ ಬೀಳುವಂತೆ ಕೊಟ್ಟುಬಿಡಬೇಕು. ಮಳೆಯಾಶ್ರಿತ ಹಿಂಗಾರಿಯಲ್ಲಿ ಮೇಲುಗೊಬ್ಬರವಾಗಿ ಯೂರಿಯಾ ಎರಚುವುದು ಒಣ ಮಣ್ಣಿನ ಮೇಲೆ ಹಣ ಚೆಲ್ಲಿದಂತೆಯೇ ಸರಿ.

ಇಪ್ಪತ್ತನೆಯ ದಿನದಿಂದ ಹೊಡೆ ಬರುವವರೆಗೆ

ಈ ಹಂತದ ಮುಖ್ಯ ಕೆಲಸ ಎಡೆ ಹೊಡೆಯುವುದು. ಶೀಗೆ ಹುಣ್ಣಿಮೆ ಕಳೆದು ಮಳೆ ಹಿಂದೆ ಸರಿದ ಮೇಲೆ ಎರಿ ಭೂಮಿ ಬಿರಿಯತೊಡಗುತ್ತದೆ, ಆ ಬಿರುಕುಗಳು ಕೈ ಹೋಗುವಷ್ಟು ಅಗಲವಾಗಿ ಆಳಕ್ಕೆ ಇಳಿದಾಗ ಕೆಳಗಿನ ಮಣ್ಣಿನ ಹಸಿಯೂ ಗಾಳಿಗೆ ಸಿಕ್ಕಿ ಆರಿಹೋಗುತ್ತದೆ, ಜೊತೆಗೆ ಎಳೆಯ ಬೇರುಗಳು ಹರಿಯುತ್ತವೆ. ಮೂರನೆಯ, ಐದನೆಯ ಮತ್ತು ಎಂಟನೆಯ ವಾರದ ಸುಮಾರಿಗೆ ಎಡೆಕುಂಟೆ ಹೊಡೆದು ಮೇಲಿನ ಒಂದೆರಡು ಅಂಗುಲ ಮಣ್ಣನ್ನು ಸಡಿಲಗೊಳಿಸಿದರೆ ಆ ಪುಡಿಮಣ್ಣು ಬಿರುಕಿನೊಳಗೆ ಬಿದ್ದು ಅದನ್ನು ಮುಚ್ಚುತ್ತದೆ, ಉಳಿದದ್ದು ಹೊದಿಕೆಯಾಗಿ ಕೂರುತ್ತದೆ. ಆಳವಾಗಿ ಹೊಡೆದರೆ ಬೇರು ತುಂಡಾಗುವುದರಿಂದ ಕುಂಟೆಯ ಮೇಲೆ ಭಾರ ಹಾಕಬಾರದು. ಬೆಳೆಯುಳಿಕೆಯ ಹೊದಿಕೆ ಇದಕ್ಕಿಂತ ಉತ್ತಮವೆಂದು ಪುಸ್ತಕಗಳಲ್ಲಿ ಬರೆದಿರುತ್ತದೆ, ಅದು ನಿಜವೂ ಹೌದು. ಆದರೆ ಕಣಕಿಯೇ ದನದ ಮುಖ್ಯ ಮೇವಾಗಿರುವ ಸೀಮೆಯಲ್ಲಿ ಅದನ್ನು ಹೊಲದಲ್ಲಿ ಹರಡಿರೆಂದು ಹೇಳುವುದರಲ್ಲಿ ಅರ್ಥವಿಲ್ಲ. ತೊಗರಿ ಕಟ್ಟಿಗೆಯ ಹೊಟ್ಟು, ಒಣಗಿದ ಕಳೆ ಮುಂತಾಗಿ ದನ ತಿನ್ನದ ಪದಾರ್ಥ ಸಿಕ್ಕರೆ ಸಾಲುಗಳ ನಡುವೆ ಹರಡಬಹುದು.

ಹಸಿ ತೀರ ಬೇಗ ಕುಗ್ಗುತ್ತಿರುವುದು ಖಚಿತವಾದ ವರ್ಷದಲ್ಲಿ ಪ್ರತಿ ಮೂರನೆಯ ಸಾಲನ್ನು ಕಿತ್ತು ತೆಗೆಯುವುದು ಉಳಿದ ಎರಡು ಸಾಲುಗಳನ್ನು ಕಾಯುವ ದಾರಿಯಾಗಿದೆ. ಈ ನಿರ್ಧಾರವನ್ನು ತೆನೆ ಮೂಡುವ ಮೊದಲೇ, ನಲವತ್ತೈದನೆಯ ದಿನದ ಒಳಗೆ ತೆಗೆದುಕೊಳ್ಳದಿದ್ದರೆ ಪ್ರಯೋಜನವಿಲ್ಲ. ಕಿತ್ತ ಪೈರನ್ನು ಮಾತ್ರ ಹಸಿಯಾಗಿ ದನಕ್ಕೆ ಹಾಕಬಾರದು. ಬರಕ್ಕೆ ಸಿಕ್ಕಿ ಕುಂಠಿತವಾದ ಎಳೆಯ ಜೋಳದಲ್ಲಿ ಧುರಿನ್ ಎಂಬ ಪದಾರ್ಥ ಹೆಚ್ಚಾಗಿರುತ್ತದೆ. ದನದ ಹೊಟ್ಟೆಯಲ್ಲಿ ಅದು ಸಯನೈಡ್ ವಿಷವನ್ನು ಬಿಡುಗಡೆ ಮಾಡಿ ಕೆಲವೇ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿದ ಮೇಲೆ, ಅದೂ ಬೇರೆ ಮೇವಿನೊಂದಿಗೆ ಬೆರೆಸಿ ಕೊಡಬೇಕು. ಒಣಗಿದ್ದ ಹೊಲಕ್ಕೆ ಮಳೆ ಬಿದ್ದು ಹೊಸದಾಗಿ ಒಡೆದ ಚಿಗುರೂ ಅಷ್ಟೇ ಅಪಾಯಕಾರಿ.

ಬೆಳೆಯನ್ನು ಓದುವುದು

ಗಿಡ ಎಷ್ಟು ಕಷ್ಟದಲ್ಲಿದೆ ಎಂಬುದನ್ನು ಮಧ್ಯಾಹ್ನ ಹೊಲಕ್ಕೆ ಹೋಗಿ ನಿರ್ಣಯಿಸಬಾರದು. ಮಧ್ಯಾಹ್ನ ಎಲೆ ಸುತ್ತಿಕೊಂಡು ಸಂಜೆ ಐದರ ಹೊತ್ತಿಗೆ ಬಿಚ್ಚಿಕೊಂಡರೆ ಅದು ಗಿಡದ ಜಾಣತನವೇ ಹೊರತು ಸಂಕಟವಲ್ಲ. ಸಂಜೆಯೂ ಸುತ್ತಿಕೊಂಡಿದ್ದು ಮರುದಿನ ಬೆಳಿಗ್ಗೆ ಮಾತ್ರ ಬಿಚ್ಚಿಕೊಳ್ಳುತ್ತಿದ್ದರೆ ಬೇರಿನ ವಲಯದ ಸುಲಭದ ನೀರು ಮುಗಿಯುತ್ತ ಬಂದಿದೆ, ನೀರಿನ ವ್ಯವಸ್ಥೆ ಇರುವವರು ಅದನ್ನು ಬಳಸುವ ಸಮಯ ಹತ್ತಿರವಾಗಿದೆ ಎಂದು ತಿಳಿಯಬೇಕು. ಸೂರ್ಯೋದಯದ ಹೊತ್ತಿಗೂ ಎಲೆ ಸುತ್ತಿಕೊಂಡೇ ಇದ್ದು ಬಣ್ಣ ಬೂದಿ ಬೆರೆತ ನೀಲಿಗೆ ತಿರುಗಿದ್ದರೆ ರಾತ್ರಿಯಿಡೀ ಸಮಯ ಸಿಕ್ಕರೂ ಬೇರಿಗೆ ನೀರು ದೊರೆತಿಲ್ಲವೆಂದೇ ಅರ್ಥ. ಆದ್ದರಿಂದ ಎಲೆಯನ್ನು ನೋಡಬೇಕಾದ ಸರಿಯಾದ ಹೊತ್ತು ನಸುಕು.

ಮಧ್ಯಾಹ್ನದ ಹೊತ್ತು ಬೇರೊಂದು ಪರೀಕ್ಷೆಗೆ ಉಪಯುಕ್ತ. ನೀರು ಆವಿಯಾಗುತ್ತಿರುವ ಎಲೆ ತಂಪಾಗಿರುತ್ತದೆ; ಹೊಲದ ಎರಡು ಭಾಗಗಳ ಎಲೆಗಳನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಯಾವ ಕಡೆ ರಂಧ್ರ ಮುಚ್ಚಿದೆ ಎಂಬುದರ ಅಂದಾಜು ಸಿಗುತ್ತದೆ. ಸಂಶೋಧನಾ ಕೇಂದ್ರಗಳಲ್ಲಿ ಇದೇ ಕೆಲಸವನ್ನು ಅವಗೆಂಪು ತಾಪಮಾಪಕದಿಂದ ಮಾಡುತ್ತಾರೆ.

ಕೆಳಗಿನ ಎಲೆ ಒಣಗುತ್ತಿರುವುದಕ್ಕೆ ಕಾರಣ ನೀರೋ ಸಾರಜನಕವೋ ಎಂಬ ಗೊಂದಲ ಸಾಮಾನ್ಯ. ಸಾರಜನಕದ ಕೊರತೆಯಲ್ಲಿ ಹಳದಿ ಬಣ್ಣವು ಎಲೆಯ ತುದಿಯಿಂದ ನಡುನರದ ಗುಂಟ ಬಾಣದ ಮೊನೆಯ ಆಕಾರದಲ್ಲಿ ಒಳಕ್ಕೆ ಸರಿಯುತ್ತದೆ, ಅಂಚುಗಳು ಸ್ವಲ್ಪ ಕಾಲ ಹಸಿರಾಗಿಯೇ ಉಳಿಯುತ್ತವೆ. ನೀರಿನ ಕೊರತೆಯಲ್ಲಿ ತುದಿ ಮತ್ತು ಅಂಚು ಮೊದಲು ಸುಟ್ಟಂತಾಗಿ, ಎಷ್ಟೋ ಸಲ ಹಳದಿಯಾಗುವ ಮೊದಲೇ ಹಸಿರಿನಲ್ಲಿಯೇ ಒಣಗಿಬಿಡುತ್ತದೆ. ಹೂ ಬಿಟ್ಟ ದಿನದಿಂದ ವಾರಕ್ಕೊಮ್ಮೆ ಹತ್ತು ಗಿಡಗಳಿಗೆ ಗುರುತು ಕಟ್ಟಿ ಹಸಿರೆಲೆಗಳನ್ನು ಎಣಿಸಿ ಬರೆದಿಟ್ಟುಕೊಂಡರೆ ಮುಂದಿನ ವರ್ಷದ ಅಂತರ ಮತ್ತು ತಳಿಯ ನಿರ್ಧಾರಕ್ಕೆ ಅದಕ್ಕಿಂತ ಒಳ್ಳೆಯ ಆಧಾರ ಬೇರೊಂದಿಲ್ಲ. ಗೋಧಿಯಲ್ಲಿ ತೆನೆಯ ಕೆಳಗಿನ ಕೊನೆಯ ಎಲೆಗೆ ಹೆಚ್ಚಿನ ಮಹತ್ವವಿದೆ, ಜೋಳದಲ್ಲಿ ಆ ಎಲೆ ಚಿಕ್ಕದು. ಅದರ ಕೆಳಗಿನ ಎರಡು ಮೂರು ದೊಡ್ಡ ಎಲೆಗಳು ಹಸಿರಾಗಿವೆಯೇ ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಒಂದೇ ನೀರು ಕೊಡಲು ಸಾಧ್ಯವಿದ್ದರೆ

ಕೃಷಿ ಹೊಂಡ ಇರುವವರಿಗೆ, 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಇಂಥವರ ಸಂಖ್ಯೆ ಹೆಚ್ಚಿದೆ, ಒಂದು ಸಲ ನೀರು ಕೊಡುವ ಅವಕಾಶವಿದ್ದರೆ ಅದನ್ನು ಹೊಡೆ ಬಂದಾಗ, ಅಂದರೆ ತೆನೆ ಇನ್ನೂ ಎಲೆತೊಟ್ಟಿನೊಳಗೆ ಉಬ್ಬಿಕೊಂಡಿರುವಾಗ ಕೊಡಬೇಕು. ಅಕ್ಟೋಬರ್ ಮೊದಲ ವಾರ ಬಿತ್ತಿದ ಮಾಲದಂಡಿಯಲ್ಲಿ ಇದು ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದ ನಡುವೆ ಬರುತ್ತದೆ. ಆ ಹೊತ್ತಿನ ನೀರು ತೆನೆ ಪೂರ್ತಿ ಹೊರಬರಲು, ಪರಾಗ ಗಟ್ಟಿಯಾಗಿರಲು, ಕಾಳಿನ ಸಂಖ್ಯೆ ಉಳಿಯಲು ನೆರವಾಗುವುದಲ್ಲದೆ ಅದರ ಒಂದಂಶ ಕಾಳು ತುಂಬುವ ಕಾಲಕ್ಕೂ ದಕ್ಕುತ್ತದೆ. ಮೂವತ್ತನೆಯ ದಿನವೇ ನೀರು ಕೊಟ್ಟರೆ ಅದು ಎಲೆಯಾಗಿ ಬೆಳೆದು ಮುಂದಿನ ಖರ್ಚನ್ನು ಹೆಚ್ಚಿಸುವ ಸಂಭವವೇ ಹೆಚ್ಚು. ಮೂವತ್ತು ಮಿಲಿಮೀಟರ್ ನೀರಿಗೆ ಎಕರೆಗೆ 1,20,000 ಲೀಟರ್ ಬೇಕು. ಹೊಂಡದಲ್ಲಿ ಅಷ್ಟಿಲ್ಲದಿದ್ದರೆ ಇಡೀ ಹೊಲಕ್ಕೆ ಅರೆಬರೆ ಕೊಡುವ ಬದಲು ಅರ್ಧ ಹೊಲಕ್ಕೆ ಸರಿಯಾಗಿ ಕೊಡುವುದು ಮೇಲು. ಬಿರುಕು ಬಿಟ್ಟ ಭೂಮಿಗೆ ನೀರು ಹಾಯಿಸಿದರೆ ಮೊದಲ ನಾಲ್ಕು ಸಾಲಿನಲ್ಲಿಯೇ ಅದು ಕೆಳಗಿಳಿದು ಮಾಯವಾಗುವುದರಿಂದ ತುಂತುರು ನೀರಾವರಿಯೇ ಸೂಕ್ತ, ಅದೂ ಗಾಳಿಯಿಲ್ಲದ ಬೆಳಗಿನಲ್ಲಿ ಅಥವಾ ರಾತ್ರಿಯಲ್ಲಿ.

ಎಲೆಯ ಮೇಲೆ ಸಿಂಪಡಿಸುವ ಔಷಧಗಳ ಬಗ್ಗೆ ಅಂಗಡಿಗಳಲ್ಲಿ ಸಿಗುವ ಭರವಸೆಗಳು ದೊಡ್ಡವು. ಎಕರೆಗೆ 200 ಲೀಟರ್ ದ್ರಾವಣ ಸಿಂಪಡಿಸಿದರೆ ಹೊಲಕ್ಕೆ ಬೀಳುವ ನೀರು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಮಾತ್ರ. ಪೊಟ್ಯಾಶಿಯಂ ಕೊರತೆಯಿರುವ ಬೆಳೆಗೆ ಪೊಟ್ಯಾಶಿಯಂ ಲವಣ ಕೊಟ್ಟರೆ ರಂಧ್ರಗಳ ನಿಯಂತ್ರಣ ಸುಧಾರಿಸಬಹುದು, ಶೇ. 6ರ ಕೆಯೊಲಿನ್ ಎಂಬ ಬಿಳಿ ಜೇಡಿಯ ಸಿಂಪರಣೆ ಬಿಸಿಲನ್ನು ಪ್ರತಿಫಲಿಸಿ ಎಲೆಯನ್ನು ತಂಪಾಗಿಡಬಹುದು. ಇವೆರಡೂ ಮಣ್ಣಿನಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗ ಕೆಲವು ದಿನ ಮುಂದೂಡಲು ಮಾತ್ರ ಉಪಯೋಗಕ್ಕೆ ಬರುತ್ತವೆ. ರಂಧ್ರವನ್ನೇ ಮುಚ್ಚಿಸುವ ರಾಸಾಯನಿಕಗಳು ನೀರಿನ ಜೊತೆಗೆ ಇಂಗಾಲದ ದಾರಿಯನ್ನೂ ಮುಚ್ಚುತ್ತವೆಂಬುದನ್ನು ಮರೆಯಬಾರದು. ನಸುಕಿನಲ್ಲಿಯೂ ಎಲೆ ಬಿಚ್ಚದ ಹೊಲಕ್ಕೆ ಏನನ್ನು ಸಿಂಪಡಿಸಿದರೂ ವ್ಯರ್ಥ.

ತೆನೆ ಹೊರಬಂದ ಮೇಲೆ

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನಗಳಲ್ಲಿ ಸಕಾಲಕ್ಕೆ ಬಿತ್ತಿದ ಜೋಳ ಹೂ ಮುಗಿಸಿ ಹಾಲುಗಾಳಿನ ಹಂತದಲ್ಲಿರುತ್ತದೆ. ಆಗ ಗಿಡದ ಮುಂದೆ ಎರಡು ದಾರಿಗಳಿರುತ್ತವೆ: ಹಸಿರೆಲೆ ಅಂದಂದು ತಯಾರಿಸಿದ ಸಕ್ಕರೆಯಿಂದ ಕಾಳು ತುಂಬುವುದು, ಅಥವಾ ದಂಟಿನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹಿಂತೆಗೆದು ತುಂಬುವುದು. ಎರಡನೆಯದು ತುರ್ತಿನ ದಾರಿ, ಅದರಿಂದ ಸ್ವಲ್ಪ ಇಳುವರಿ ಉಳಿಯುವುದೂ ನಿಜ. ಆದರೆ ಸಕ್ಕರೆ ಬರಿದಾದ ದಂಟು ದುರ್ಬಲವಾಗಿ, ಒಣ ಬಿಸಿ ಮಣ್ಣಿನಲ್ಲಿ ಕಾದಿರುವ ಮ್ಯಾಕ್ರೋಫೋಮಿನ ಎಂಬ ಶಿಲೀಂಧ್ರ ಬೇರಿನ ಮೂಲಕ ಒಳಹೊಕ್ಕು ಇದ್ದಿಲು ಕೊಳೆ ರೋಗ ತರುತ್ತದೆ. ಬುಡದ ಗಿಣ್ಣುಗಳಲ್ಲಿ ದಂಟು ಮೆತ್ತಗಾಗಿ, ಸೀಳಿದರೆ ಒಳಗಿನ ನಾರು ಕಪ್ಪು ಪುಡಿ ಮೆತ್ತಿಕೊಂಡು ಬಿಡಿಬಿಡಿಯಾಗಿರುತ್ತದೆ. ಒಂದು ಗಾಳಿಗೆ ಹೊಲವೆಲ್ಲ ಮಲಗುತ್ತದೆ, ಕಾಳಿನ ಜೊತೆಗೆ ಕಣಕಿಯೂ ಕೆಡುತ್ತದೆ. ಎಲೆಯ ಹಸಿರನ್ನು ಉಳಿಸುವುದು ಈ ರೋಗಕ್ಕೆ ಇರುವ ಮುಖ್ಯ ತಡೆ, ಏಕೆಂದರೆ ಬೆಳೆ ಒಣಗುತ್ತಿರುವ ಆ ಹಂತದಲ್ಲಿ ಕೊಡಬಹುದಾದ ಔಷಧದಿಂದ ಹೆಚ್ಚಿನದೇನೂ ಆಗುವುದಿಲ್ಲ. ಇದೇ ಕಾರಣಕ್ಕೆ ಕಾಳು ಗಟ್ಟಿಯಾಗುವ ಮೊದಲು ಮೇವಿಗೆಂದು ಹಸಿರೆಲೆ ಕೀಳುವ ರೂಢಿ ಇದ್ದಲ್ಲಿ ಅದನ್ನು ಬಿಡಬೇಕು. ಪೂರ್ತಿ ಒಣಗಿದ ಕೆಳಗಿನ ಎಲೆಗಳನ್ನು ತೆಗೆದರೆ ಹಾನಿಯಿಲ್ಲ.

ಹೂ ಬಿಟ್ಟ ಮೇಲೂ ಎಲೆಯನ್ನು ಹಸಿರಾಗಿ ಉಳಿಸಿಕೊಳ್ಳುವ ಗುಣ ಕೆಲವು ತಳಿಗಳಲ್ಲಿ ವಂಶಪಾರಂಪರ್ಯವಾಗಿಯೇ ಇದೆ. ಇಥಿಯೋಪಿಯಾದ ಜೋಳದಿಂದ ಪಡೆದ ಬಿ-35 ಎಂಬ ತಳಿಯಲ್ಲಿ ಇದಕ್ಕೆ ಸಂಬಂಧಿಸಿದ ನಾಲ್ಕು ಮುಖ್ಯ ವಂಶವಾಹಿ ವಲಯಗಳನ್ನು ಗುರುತಿಸಿ, ಅವನ್ನು ಬೇರೆ ತಳಿಗಳಿಗೆ ಸೇರಿಸುವ ಕೆಲಸ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಎಂಬ ಒಣಭೂಮಿ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯೂ ಸೇರಿ ಹಲವೆಡೆ ನಡೆದಿದೆ. ಈ ಗುಣದ ಹಿಂದಿನ ಕಾರಣ ಕುತೂಹಲಕರವಾಗಿದೆ. ಇಂಥ ಗಿಡಗಳು ಹೂ ಬಿಡುವ ಮೊದಲು ಮರಿಗಳನ್ನು, ಅಂದರೆ ಬುಡದ ಕವಲುಗಳನ್ನು, ಕಡಿಮೆ ಒಡೆಯುತ್ತವೆ, ಮೇಲಿನ ಎಲೆಗಳನ್ನು ಚಿಕ್ಕದಾಗಿ ಇಟ್ಟುಕೊಳ್ಳುತ್ತವೆ. ಆಗ ಉಳಿದ ನೀರನ್ನು ಆಮೇಲೆ ಬಳಸುತ್ತವೆ. ರೈತನು ಅಂತರ ಮತ್ತು ಗೊಬ್ಬರದಿಂದ ಮಾಡಬೇಕೆಂದು ಮೇಲೆ ಹೇಳಿದ ಕೆಲಸವನ್ನು ಆ ಗಿಡಗಳು ಹುಟ್ಟಿನಿಂದಲೇ ಮಾಡುತ್ತವೆ.

ಇದೇ ಕ್ರಮ ಎಲ್ಲ ಧಾನ್ಯಗಳಿಗೂ ಅಕ್ಷರಶಃ ಹೊಂದುವುದಿಲ್ಲ. ಮೆಕ್ಕೆಜೋಳವೂ ಸಿ-4 ಬೆಳೆಯೇ ಆದರೂ ಗಂಡು ಹೂ ಬಿಟ್ಟ ಹೊತ್ತಿನ ಬರದಿಂದ ತೆನೆಯ ರೇಷ್ಮೆಯಂಥ ಕೂದಲು ತಡವಾಗಿ ಹೊರಬಂದು ಕಾಳೇ ಕಟ್ಟದಿರಬಹುದು, ಅಲ್ಲಿ ನೀರಿನ ಮೊದಲ ಹಕ್ಕು ಆ ವಾರದ್ದು. ಸಜ್ಜೆ ಬೇಗ ಬಲಿತು ಬರದಿಂದ ತಪ್ಪಿಸಿಕೊಳ್ಳುತ್ತದೆ, ಮುಖ್ಯ ತೆನೆ ಕೆಟ್ಟರೂ ಮರಿಗಳಿಂದ ಸರಿದೂಗಿಸುತ್ತದೆ. ಮಳೆಯಾಶ್ರಿತ ಗೋಧಿ ದಂಟಿನ ಸಂಗ್ರಹವನ್ನು ಹೆಚ್ಚು ನೆಚ್ಚಿಕೊಂಡಿರುತ್ತದೆ.

ಮುಂದಿನ ವರ್ಷದ ಬೀಜ

ಮಾಲದಂಡಿಯಂಥ ತಳಿಗಳು ಹೈಬ್ರಿಡ್ ಅಲ್ಲದಿರುವುದರಿಂದ ಮತ್ತು ಜೋಳವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಳು ಕಟ್ಟುವುದರಿಂದ ಬೀಜವನ್ನು ಹೊಲದಲ್ಲಿಯೇ ಆಯ್ದುಕೊಳ್ಳಬಹುದು. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಮೂಡಿದಾಗ ಅದು ಬಲಿತಿದೆ ಎಂದು ತಿಳಿಯಬೇಕು. ಆ ಹೊತ್ತಿಗೆ ಬದುವಿನ ಬದಿಯ ನಾಲ್ಕೈದು ಸಾಲುಗಳನ್ನು ಬಿಟ್ಟು ಹೊಲದ ನಡುವೆ ಹೋಗಿ, ಮೇಲಿನ ಎಲೆಗಳು ಇನ್ನೂ ಹಸಿರಾಗಿದ್ದು ದಂಟು ಗಟ್ಟಿಯಾಗಿ ನಿಂತಿರುವ ಗಿಡಗಳಿಗೆ ಬಟ್ಟೆಯ ಚೂರು ಕಟ್ಟಿ ಗುರುತು ಮಾಡಬೇಕು. ಆದರೆ ಹಸಿರನ್ನು ಮಾತ್ರ ನೋಡಿ ಮೋಸ ಹೋಗಬಾರದು. ತೆನೆಯಲ್ಲಿ ಕಾಳು ಕಟ್ಟದ ಗಿಡವೂ ಸಕ್ಕರೆ ಮತ್ತು ಸಾರಜನಕವನ್ನು ಕೊಡಬೇಕಾದ ಜಾಗವಿಲ್ಲದೆ ಕೊನೆಯವರೆಗೆ ಹಸಿರಾಗಿಯೇ ಇರುತ್ತದೆ. ಅಕ್ಕಪಕ್ಕದ ಗಿಡ ಸತ್ತು ಹೆಚ್ಚು ಜಾಗ ಸಿಕ್ಕ ಒಂಟಿ ಗಿಡವನ್ನೂ ಆಯಬಾರದು. ಸುತ್ತ ಪೂರ್ತಿ ಗಿಡಗಳಿದ್ದೂ ತೆನೆ ತುಂಬಿ, ಕಾಳು ದಪ್ಪವಾಗಿ, ಎರಡು ಮೂರು ಎಲೆ ಹಸಿರು ಉಳಿದಿರುವ ಗಿಡಗಳ ತೆನೆಗಳನ್ನು ಕಟಾವಿಗೆ ಮುಂಚೆಯೇ ಬೇರೆಯಾಗಿ ಕೊಯ್ದು, ಒಣಗಿಸಿ, ಬಡಿದು, ಉಳಿದ ರಾಶಿಯೊಂದಿಗೆ ಬೆರೆಯದಂತೆ ಇಡಬೇಕು.